ಅಣ್ಣ ಎನ್ನದ ಇಂಗ್ಲಿಷ್ ಸರ್

ಇಂಗ್ಲಿಷಿನವರದು ಬಡ ಭಾಷೆ, ಅಣ್ಣನಿಗೂ ತಮ್ಮನಿಗೂ ಸೇರಿಸಿ ಒಂದೇ ಶಬ್ದ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಆಗಾಗ ಚುಡಾಯಿಸುತ್ತಿದ್ದೆ. ನಮ್ಮ ಇಂಗ್ಲಿಷ್ ಸರ್ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಉತ್ತರ ಕೊಡುತ್ತಿದ್ದರು.

“ಬಡವರ ಮನ್ಯಾಗ ಪಾಲಿನ ಜಗಳ ಇರೂದಿಲ್ರಿ ಅಕ್ಕೋರ. ಹಿರ್ಯಾ ಯಾರು, ಕಿರ್ಯಾ ಯಾರು ಅನ್ನೂ ಲಫಡಾನ ಇಲ್ಲ. ಬ್ರದರ್ ಅಂದ್ರ ಬ್ರದರ್. ಮುಗೀತು.”

ನಾನು ಕನ್ನಡ ಕಲಿಸುವ ಅಕ್ಕೋರು. ಸೋಲು ಒಪ್ಪುವುದು ನಮ್ಮ ಜಾಯಮಾನದಲ್ಲಿಲ್ಲ. ಹೀಗಾಗಿ ಈ ಜಗಳ ಚಹಾದ ಜೊತೆಗೆ ವರ್ಷಗಟ್ಟಲೆ ನಡೆಯಿತು.

ಸರ್ ತೀರಿಕೊಂಡ ಮರುವಾರ ಶಾಲೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿದೆವು. ನಿವೃತ್ತರಾಗಿ ಬಹಳ ದಿನ ಆಗಿರಲಿಲ್ಲವಾದ್ದರಿಂದ ಮೇಲಿನ ತರಗತಿಯ ಮಕ್ಕಳಿಗೆ ಅವರ ನೆನಪಿತ್ತು. ಹೆಡ್‌ಮಾಸ್ತರರು ಹಾಳೆ ನೋಡಿಕೊಂಡು ಮಾತಾಡಿದರು. ಶಿಸ್ತು, ಸಮಯಪಾಲನೆ, ವಿದ್ಯಾರ್ಥಿಗಳ ಮೇಲಿನ ಮಮತೆ. ಯಾವ ಮಾಸ್ತರರು ಸತ್ತರೂ ನಡೆಯುವಂಥ ಹಾಳೆ ಅದು. ನನಗೂ ಎರಡು ಮಾತು ಆಡಲು ಹೇಳಿದ್ದರು. ಎದ್ದು ನಿಂತೆ, ಕೈಮುಗಿದು ಕೂತೆ. ಬಾಯಿಂದ ಬರದ ಆ ಎರಡು ಮಾತನ್ನು ಬರೆದಾದರೂ ನೋಡೋಣ ಎಂದು ಈಗ ಕೂತಿದ್ದೇನೆ.

ಸರ್ ಎತ್ತರದ ಆಳು. ತರಗತಿಯ ಬಾಗಿಲಲ್ಲಿ ತುಸು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಹಾಗಾಗಿ ಹುಡುಗರು ಎದ್ದು ನಮಸ್ಕಾರ ಹೇಳುವ ಮೊದಲೇ ಅವರೇ ಹುಡುಗರಿಗೆ ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು. ಬಿಳಿ ಅಂಗಿ, ಕಾಲರಿನ ಒಳಗೆ ಮಡಚಿ ಇಟ್ಟ ಕರವಸ್ತ್ರ, ಜೇಬಿನಲ್ಲಿ ಪೆನ್ನು. ಊರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಮೊದಲ ನೌಕರಿ ಮೂಡಲಗಿಯಲ್ಲಿ, ಆಮೇಲೆ ಗೋಕಾಕದಲ್ಲಿ ನಮ್ಮ ಹೈಸ್ಕೂಲಿಗೆ. ಮದುವೆ ಮಾಡಿಕೊಂಡಿರಲಿಲ್ಲ. ಬಾಡಿಗೆಯ ಒಂದು ಕೋಣೆ, ಒಂದು ಮಂಚ, ಗೋಡೆಗೆ ಒಂದು ಕ್ಯಾಲೆಂಡರು. ಮಧ್ಯಾಹ್ನದ ಡಬ್ಬಿ ಖಾನಾವಳಿಯಿಂದ ಬರುತ್ತಿತ್ತು. ನಮ್ಮ ಡಬ್ಬಿಗಳಲ್ಲಿ ಇಂದು ಮಾವನಿಗೆ ಬೇಕಾದ ಪಲ್ಯ, ನಾಳೆ ಮಗನಿಗೆ ಬೇಕಾದ ಪಲ್ಯ ಇರುವುದನ್ನು ನೋಡಿ ಅವರು ಒಮ್ಮೆ ಹೇಳಿದ್ದರು:

“ಖಾನಾವಳಿ ರೊಟ್ಟಿ ಮ್ಯಾಲ ಯಾರ ಹೆಸರೂ ಇರೂದಿಲ್ರಿ ಅಕ್ಕೋರ. ಮುಂದ ಯಾರ ಕುಂತಾರು ಅವರದು.”

ತಮಾಷೆಗೆಂದೇ ಅಂದದ್ದು. ಆದರೆ ಅಂದು ನನಗೆ ನನ್ನ ರೊಟ್ಟಿ ಇಳಿಯಲಿಲ್ಲ.

ಎಂಟನೇ ತರಗತಿಯ ಪುಸ್ತಕದಲ್ಲಿ ಕುಟುಂಬದ ಮೇಲೊಂದು ಪಾಠ ಇತ್ತು. ಅದು ಬಂತೆಂದರೆ ನಮಗೆಲ್ಲ ಹಬ್ಬ. ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ತೆಳ್ಳಗಿನ ಹಲಗೆಯ ಗೋಡೆ, ಒಂದು ಮಾತೂ ತಪ್ಪದೆ ಕೇಳುತ್ತಿತ್ತು. ಹಳ್ಳಿಯಿಂದ ಬರುವ ಮಕ್ಕಳು. ಕಾಕಾನ ಮಗ, ದೊಡ್ಡಪ್ಪನ ಮಗ, ಚಿಕ್ಕವ್ವನ ಮಗ, ಎಲ್ಲರೂ ಅಣ್ಣಂದಿರೇ, ಎಲ್ಲರೂ ತಮ್ಮಂದಿರೇ. ಇವರನ್ನೆಲ್ಲ ಇಂಗ್ಲಿಷಿನಲ್ಲಿ ‘ಕಸಿನ್’ ಎಂಬ ಒಂದೇ ಚೀಲಕ್ಕೆ ಹಾಕಬೇಕು, ಹಿಂದೆ ಬ್ರದರ್ ಅಂತ ಸೇರಿಸಬಾರದು ಎಂದು ಸರ್ ಕಲಿಸಿದರು. ಮರುದಿನವೇ ಒಬ್ಬ ರೈತರು ಹೊಲದಿಂದ ನೇರ ಶಾಲೆಗೆ ಬಂದರು.

“ಸರ್, ನಮ್ಮ ತಮ್ಮನ ಮಗನ್ನ ನನ್ನ ಮಗನ ಕಡಿಂದ ಬರೇ ‘ಕಸಿನ್’ ಅಂತ ಬರಸೀರಂತ. ನಾವು ಇನ್ನೂ ಪಾಲ ಆಗಿಲ್ರಿ. ಒಂದ ಒಲಿ ಮ್ಯಾಲ ಉಣ್ಣು ಮಂದಿ. ಪುಸ್ತಕದಾಗ ಯಾಕ ಒಡಿತೀರಿ?”

ಸರ್ ಕನ್ನಡಕ ಒರೆಸಿದರು. “ತಪ್ಪಾತ್ರಿ. ಕಸಿನ್ ಬ್ರದರ್ ಅಂತನ ಬರೀಲಿ. ಇಂಗ್ಲಿಷರು ಯಾರರ ಬಂದ ಕೇಳಿದ್ರ ನನ್ನ ಕಡೆ ಕಳಸ್ರಿ.”

ಅಂದಿನಿಂದ ನಮ್ಮ ಶಾಲೆಯಲ್ಲಿ ಕಸಿನ್ ಬ್ರದರ್‌ಗೆ ಪೂರ್ತಿ ಮಾರ್ಕು.

ನನ್ನ ತಂಗಿಯ ಮದುವೆಯ ಹೊತ್ತಿಗೆ ನಾನೂ ಅವರನ್ನು ಬಿಡಲಿಲ್ಲ. ಭಾವನಿಗೆ ಇಂಗ್ಲಿಷಿನಲ್ಲಿ ಏನು ಎಂದೆ. ಬ್ರದರ್-ಇನ್-ಲಾ ಎಂದರು. ಮೈದುನನಿಗೆ? ಅದೂ ಬ್ರದರ್-ಇನ್-ಲಾ. ಷಡ್ಡಕನಿಗೆ? ಅದೂ ಅದೇ.

“ಹಂಗಾದ್ರ ಇಂಗ್ಲಿಷರು ಮದುವಿ ಪತ್ರಿಕಾ ಹ್ಯಾಂಗ ಓದತಾರ್ರಿ ಸರ್? ಯಾರ ಯಾರಿಗೆ ಏನಾಗಬೇಕು ಅಂತ ತಿಳಿಯೂದ ಹ್ಯಾಂಗ?”

“ಓದೂದಿಲ್ರಿ. ಸುಮ್ನ ಹೋಗಿ ಉಂಡ ಬರತಾರು.”

ಹೀಗೆ ನಗಿಸುವವರು. ಆದರೆ ಅವರ ನಗೆಯ ನಡುವೆ ಒಂದು ಕಿಂಡಿ ಇದೆಯೆಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಕನ್ನಡ ಕಲಿಸುವವರ ಕಿವಿ ಕೆಟ್ಟದ್ದು, ಆಡಿದ ಶಬ್ದಕ್ಕಿಂತ ಆಡದ ಶಬ್ದ ಬೇಗ ಕೇಳುತ್ತದೆ. ನಮ್ಮ ಶಾಲೆಯ ಪ್ಯೂನ್ ಹೆಸರು ಅಣ್ಣಪ್ಪ. ಎಲ್ಲರೂ ಅವನನ್ನು ಅಣ್ಣಪ್ಪಾ ಎಂದು ಕೂಗಿದರೆ ಸರ್ ಮಾತ್ರ “ಬ್ರದರ್, ಒಂದ್ ಕಪ್ ಚಹಾ” ಎನ್ನುತ್ತಿದ್ದರು. ಅವನಿಗೋ ಅದೊಂದು ಬಿರುದು. “ಸರ್ ನನಗ ಇಂಗ್ಲಿಷಿನ್ಯಾಗ ಕರಿತಾರ್ರಿ” ಎಂದು ಊರೆಲ್ಲ ಹೇಳಿಕೊಂಡಿದ್ದ. ಬಸ್ಸಿನಲ್ಲಿ ನಾವೆಲ್ಲ ಕಂಡಕ್ಟರನಿಗೆ ‘ಅಣ್ಣಾ, ಇಲ್ಲೇ ನಿಲ್ಲಸ್ರಿ’ ಅಂದರೆ ಇವರದು ‘ಕಂಡಕ್ಟರ್ ಸಾಹೇಬ್ರ’. ಚಹಾದಂಗಡಿಯವನು ‘ಮಾಲಕ್ರ’. ಅಣ್ಣತಮ್ಮಂದಿರು ಎಂದು ನಾವು ಸಹಜವಾಗಿ ಅನ್ನುವ ಕಡೆ ಅವರು ‘ಒಡಹುಟ್ಟಿದವರು’ ಎಂದು ಗ್ರಂಥಸ್ಥ ಮಾತಾಡುತ್ತಿದ್ದರು. ನನ್ನ ಕೆಲಸ ನೀವ್ಯಾಕೆ ಕಸಿದುಕೊಳ್ಳುತ್ತೀರಿ ಎಂದು ನಾನೇ ಒಮ್ಮೆ ಅಂದೆ.

ಒಂದು ದಿನ ಸುಮ್ಮನೆ ಕೆಣಕೋಣವೆನಿಸಿತು. “ಸರ್, ಅಕ್ಕ ಅನ್ನೂ ಶಬ್ದಕ್ಕ ಪುಲ್ಲಿಂಗ ಏನ್ರಿ?” ಎಂದು ಕೇಳಿದೆ.

“ಅದು ಸಿಲೆಬಸ್ ಹೊರಗಿಂದ್ರಿ,” ಅಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಆಯಿತವಾರ ಸಂತೆಪೇಟೆಗೆ ಹೋದಾಗ ಅವರನ್ನು ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದು ಎಷ್ಟೋ ಸಲ. ಹುಕ್ಕೇರಿ ಕಡೆಯ ಬಸ್ಸು ನಿಲ್ಲುವ ಜಾಗದಲ್ಲಿ ಕಲ್ಲಿನ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ಬಸ್ಸು ಬರುತ್ತಿತ್ತು, ಮಂದಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು, ಬಸ್ಸು ಹೋಗುತ್ತಿತ್ತು. ಸರ್ ಅಲ್ಲೇ ಇರುತ್ತಿದ್ದರು.

“ಎಲ್ಲಿಗೆ ಹೊಂಟೀರಿ ಸರ್?”

“ಎಲ್ಲಿಗೂ ಇಲ್ರಿ. ಸುಮ್ನ ಬಸ್ಸ್ ನೋಡಾಕ ಬಂದೇನಿ.”

ಬಸ್ಸೇನು ಸಿನಿಮಾವೇ? ಆದರೆ ಒಂಟಿ ಮನುಷ್ಯರ ಆಯಿತವಾರದ ಬಗ್ಗೆ ಹೆಚ್ಚು ಕೇಳಬಾರದೆಂಬ ಬುದ್ಧಿ ನನಗಿತ್ತು.

ಅವರ ಪಾಠಗಳಲ್ಲಿ ಎರಡು ನನ್ನೊಳಗೆ ಉಳಿದಿವೆ. ಒಂದು, ಎಣಿಕೆಯದು. ‘ನಾವು ಮೂರು ಮಂದಿ ಅಣ್ಣತಮ್ಮಂದಿರು’ ಎನ್ನುವುದನ್ನು ನಮ್ಮ ಮಕ್ಕಳು ಹಾಗೇ ಎತ್ತಿ ‘ಐ ಹ್ಯಾವ್ ತ್ರೀ ಬ್ರದರ್ಸ್’ ಮಾಡಿಬಿಡುತ್ತಾರೆ. ಆಗ ಮನೆಯಲ್ಲಿ ಇಲ್ಲದ ನಾಲ್ಕನೆಯವನೊಬ್ಬ ಹುಟ್ಟುತ್ತಾನೆ. ಸರ್ ಹಲಗೆಯ ಆಚೆಯಿಂದ ತಿದ್ದುವುದು ಕೇಳಿಸಿತು.

“ಇಂಗ್ಲಿಷಿನ್ಯಾಗ ಎಣಸುಮುಂದ ನಿನ್ನ ನೀ ಬಿಟ್ಟ ಎಣಸಬೇಕು.”

“ಹಂಗಾದ್ರ ನಾ ಯಾರ ಲೆಕ್ಕದಾಗ ಬರತೇನ್ರಿ ಸರ್?”

ಆಚೆ ಸೀಮೆಸುಣ್ಣ ಕೆಳಗಿಟ್ಟ ಸದ್ದಾಯಿತು. ಆಮೇಲೆ ಸರ್ ಅಂದರು, “ಅವರು ಎಣಸಿದಾಗ ನೀ ಬರತಿ. ಅವರು ಎಣಸಬೇಕಷ್ಟ.”

ಇನ್ನೊಂದು ಅವರ ನೌಕರಿಯ ಕೊನೆಯ ವರ್ಷದ್ದು. ಸಹೋದರರ ಬಗ್ಗೆ ದಿನಬಳಕೆಯಲ್ಲಿ ಆಡುವ ಮಾತುಗಳನ್ನು ಬೋರ್ಡಿನ ಮೇಲೆ ಬರೆದು, ಕನ್ನಡದಲ್ಲಿ ಅರ್ಥ ಹೇಳಿಸುತ್ತಿದ್ದರು. ‘ಹಿ ಈಸ್ ಲೈಕ್ ಎ ಬ್ರದರ್ ಟು ಮಿ’ ಆಯಿತು, ‘ಬಿಗ್ ಬ್ರದರ್’ ಆಯಿತು, ಈಗಿನ ಹುಡುಗರು ಗೆಳೆಯರಿಗೆ ಅನ್ನುವ ‘ಬ್ರೋ’ ಕೂಡ ಆಯಿತು. ಕೊನೆಗೆ ‘ಮೈ ಬ್ರದರ್ ಅಂಡ್ ಐ ಆರ್ ನಾಟ್ ಕ್ಲೋಸ್’ ಎಂದು ಬರೆದರು. ಅಣ್ಣತಮ್ಮಂದಿರ ನಡುವೆ ಅಷ್ಟು ಬಳಕೆ ಇಲ್ಲ, ಹತ್ತಿರ ಇಲ್ಲ ಎಂದು ಅದರ ಅರ್ಥ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅವರಪ್ಪನದು ಕಿರಾಣಿ ಅಂಗಡಿ. ಅವಳಿಗೆ ಗೊತ್ತಿದ್ದ ಕ್ಲೋಸ್ ಒಂದೇ, ಅಂಗಡಿಯ ಬಾಗಿಲದು.

“ನಾನೂ ನಮ್ಮ ತಮ್ಮನೂ ಇನ್ನೂ ಬಂದ್ ಆಗಿಲ್ಲ,” ಎಂದಳು.

ತರಗತಿ ಹೋ ಎಂದು ನಕ್ಕಿತು. ಈಚೆ ನನ್ನ ತರಗತಿಯೂ ನಕ್ಕಿತು. ಸರ್ ನಗಲಿಲ್ಲ. “ಕುಂಡ್ರು ತಂಗಿ. ಪುಸ್ತಕದಾಗ ಬ್ಯಾರೆ ಐತಿ. ಖರೆ ನೀ ಹೇಳಿದ್ದ ಛಲೋ ಐತಿ,” ಅಂದರು. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ಕೂತು, ಕರವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು.

“ಬಂದ್ ಆಗಿಲ್ಲ ಅಂತ್ರಿ ಅಕ್ಕೋರ,” ಎಂದು ತಮಗೇ ಎಂಬಂತೆ ಹೇಳಿಕೊಂಡರು.

ಅದಾಗಿ ಕೆಲವು ದಿನಕ್ಕೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರಿಗೆ ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದವರು ಡಬ್ಬಿ ಮುಚ್ಚಿಟ್ಟರು.

“ಘೋಡಗೇರಿಂದ್ರಿ. ನಮ್ಮ ವೈನಿ.”

ವೈನಿ ಎಂದರೆ ಅಣ್ಣನ ಹೆಂಡತಿ. ತಮ್ಮನ ಹೆಂಡತಿಗೆ ಯಾರೂ ವೈನಿ ಅನ್ನುವುದಿಲ್ಲ. ಇಂಗ್ಲಿಷಿನ ಒಂದು ಶಬ್ದದ ಹಿಂದೆ ಇಷ್ಟು ವರ್ಷ ಅಡಗಿಸಿಟ್ಟದ್ದನ್ನು ಕನ್ನಡ ಒಂದೇ ಏಟಿಗೆ ಹೊರಗೆ ಹಾಕಿತು.

“ಹಂಗಾರ ನಿಮಗ ಅಣ್ಣ ಅದಾರೇನ್ರಿ ಸರ್?”

“ಐ ಹ್ಯಾವ್ ಎ ಬ್ರದರ್,” ಅಂದರು. ಆಮೇಲೆ, ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದರು.

ತಂದೆ ಬೇಗ ಹೋಗಿದ್ದರು. ಇಬ್ಬರಲ್ಲಿ ದೊಡ್ಡವರು ಶಾಲೆ ಬಿಟ್ಟು ಎತ್ತು ಹಿಡಿದು, ಸಣ್ಣವರನ್ನು ಓದಿಸಿದರು. ಸರ್ ಹಾಸ್ಟೆಲ್ಲಿನಲ್ಲಿದ್ದಾಗ ರೊಟ್ಟಿ ಗಂಟು ಕಟ್ಟಿಕೊಂಡು ಸೈಕಲ್ ಮೇಲೆ ಬರುತ್ತಿದ್ದರಂತೆ, ಗೇಟಿನಲ್ಲಿ ಕೊಟ್ಟು ಒಳಗೂ ಬರದೆ ತಿರುಗಿ ಹೋಗುತ್ತಿದ್ದರಂತೆ. ಮುಂದೆ ಸರ್‌ಗೆ ಮೂಡಲಗಿಯಲ್ಲಿ ನೌಕರಿಯಾಯಿತು. ಅಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬ ಟೀಚರನ್ನು ಮದುವೆಯಾಗಬೇಕೆಂದರು. ಬೇರೆ ಜಾತಿಯವರು. ಘೋಡಗೇರಿಯ ಮನೆಯ ಅಂಗಳದಲ್ಲಿ, ಊರ ಹಿರಿಯರ ಎದುರು ದೊಡ್ಡವರು ಕೂಗಾಡಿದರು. ಆಕೆಯನ್ನು ಮಾಡಿಕೊಂಡರೆ ಈ ಹೊಸ್ತಿಲು ತುಳಿಯಬೇಡ, ಇನ್ನು ಮೇಲೆ ನನಗೆ ಅಣ್ಣಾ ಅನ್ನಬೇಡ ಎಂದರು. ಸರ್ ಅಂದೇ ಬಸ್ಸು ಹತ್ತಿದರು. ಆ ಟೀಚರನ್ನು ಅವರ ಮನೆಯವರು ಆ ಬೇಸಿಗೆಯಲ್ಲೇ ದೂರದ ಊರಿಗೆ ಕೊಟ್ಟುಬಿಟ್ಟರು.

“ಅಂದ್ರ ಆ ಮದುವಿ ಆಗಲೇ ಇಲ್ಲಲ್ರಿ! ‘ಮಾಡಿಕೊಂಡ್ರ’ ಅಂದಿದ್ರು. ನೀವು ಮಾಡಿಕೊಳ್ಳಲಿಲ್ಲ. ಇಂಗ್ಲಿಷಿನ್ಯಾಗ ಇದಕ್ಕ ‘ಇಫ್’ ಅಂತೀರೇನಿಲ್ಲ? ಇಫ್ ಬಿದ್ದ ಹೋದ್ರ ಮುಂದಿಂದು ಹ್ಯಾಂಗ ನಿಲ್ಲತೈತ್ರಿ?”

“ವ್ಯಾಕರಣ ಮನಷ್ಯಾರಿಗೆ ಹತ್ತೂದಿಲ್ರಿ ಅಕ್ಕೋರ,” ಅಂದರು ಸರ್. “ಒಮ್ಮಿ ಬಾ ಅಂತಾನ ಅಂತ ನಾ ದಾರಿ ನೋಡಿದ್ನಿ. ಒಮ್ಮಿ ಬರತಾನ ಅಂತ ಅಂವಾ ನೋಡಿರಬೇಕು. ಅನ್ನಬ್ಯಾಡ ಅಂದಿದ್ದ, ನಾ ಅನ್ನಲಿಲ್ಲ. ಅಂವಾ ಹೇಳಿದ್ದನ್ನ ನಾ ಯಾವತ್ತೂ ಮೀರಿದಾಂವ ಅಲ್ರಿ.”

ನನಗೆ ಸಿಟ್ಟು ಬಂತು. ವಿಧೇಯತೆಯ ಹೆಸರಿನಲ್ಲಿ ಇಂಥ ಹಟವೇ? ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಕೋಣಗಳು ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡು, ವೈನಿ ಏನಂದರು ಎಂದು ಕೇಳಿದೆ.

ದೊಡ್ಡವರಿಗೆ ಮರೆವು ಹಿಡಿದಿತ್ತು. ಮಂದಿಯ ಗುರುತು ಹತ್ತುತ್ತಿಲ್ಲ, ಆದರೆ ದಿನಾ ತಮ್ಮನ ಹೆಸರು ತೆಗೆಯುತ್ತಾರೆ, ಇನ್ನಾದರೂ ಬನ್ನಿ, ನಿಮ್ಮಿಬ್ಬರದು ಎಲ್ಲಾ ಮುಗಿದೇ ಹೋಯಿತೇ ಎಂದು ವೈನಿ ಅತ್ತರಂತೆ.

“ನೀವೇನಂದ್ರಿ?”

“ಬಂದ್ ಆಗಿಲ್ರಿ ವೈನಿ ಅಂದ್ನಿ. ಆಯಿತವಾರ ಬರತೇನಿ ಅಂದ್ನಿ.” ಸರ್ ನನ್ನ ಕಡೆ ನೋಡದೆ ಹೇಳಿದರು. “ನಾ ಒಬ್ಬಾಂವ ಹ್ವಾದ್ರ ನಡಕ ಇಳಿತೇನ್ರಿ. ನೀವ ಬಾಜೂಕ ಕುಂತ್ರ ಇಳ್ಯಾಕ ನಾಚಿಕಿ ಬರತೈತಿ.”

ಹೋದೆ. ಬಸ್ಸಿನಲ್ಲಿ ಸರ್ ಕಿಟಕಿಯ ಕಡೆ ಕೂತರು. ಕಬ್ಬಿನ ಹೊಲಗಳು ಬಂದು ಹೋಗುತ್ತಿದ್ದವು. ಪರೀಕ್ಷೆಯ ಹಾಲಿಗೆ ಹೋಗುವ ಹುಡುಗರ ಹಾಗೆ ಅವರ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಏನನ್ನು ಬಾಯಿಪಾಠ ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಈ ಕಡೆ ಮುಖ ತಿರುಗಿಸಿ ಕೂತೆ.

ದೊಡ್ಡವರು ಮನೆಯ ಮುಂದಿನ ಕಟ್ಟೆಯ ಮೇಲಿದ್ದರು. ಅದೇ ಎತ್ತರ, ಅದೇ ಮೂಗು, ಬಿಸಿಲಿನಲ್ಲಿ ದುಡಿದು ಕಪ್ಪಾದ ಅದೇ ಮುಖ. ವೈನಿ ಸೆರಗು ಬಾಯಿಗೆ ಹಿಡಿದುಕೊಂಡು, ಯಾರು ಬಂದಾರ ನೋಡ್ರಿ ಅಂದರು. ದೊಡ್ಡವರು ಬಿಳಿ ಅಂಗಿ ನೋಡಿದರು, ಜೇಬಿನ ಪೆನ್ನು ನೋಡಿದರು. ಗೋಡೆ ಹಿಡಿದು ಎದ್ದು ನಿಂತು ಕೈಮುಗಿದರು.

“ಬರ್ರಿ ಸರ್, ಬರ್ರಿ. ಕುಂಡ್ರಿ. ಏ, ಚಾಪಿ ಹಾಸ, ಸರ್ ಬಂದಾರು. ಯಾವ ಊರಾವ್ರ್ರಿ ತಾವು?”

ಆ ‘ರಿ’ ಸರ್‌ಗೆ ಎಲ್ಲಿ ತಾಗಿತೋ, ಚಾಪೆ ಬರುವ ಮೊದಲೇ ಅವರು ಕಟ್ಟೆಯ ಅಂಚಿಗೆ ಕೂತರು. “ಗೋಕಾಕರಿ,” ಎಂದರು.

ದೊಡ್ಡವರ ಮುಖ ಅರಳಿತು. “ಗೋಕಾಕ? ನಮ್ಮ ತಮ್ಮನೂ ಅಲ್ಲೇ ಅದಾನ್ರಿ! ಇಂಗ್ಲಿಷ್ ಮಾಸ್ತರ. ಭಾಳ ಶಾಣ್ಯಾ. ನಿಮಗ ಗುರ್ತ ಇರಬೇಕಲ್ರಿ?”

“ಗುರ್ತ ಅದಾನ್ರಿ.”

“ಹ್ಯಾಂಗ ಅದಾನ್ರಿ? ವ್ಯಾಳ್ಯಾಕ್ಕ ಉಣ್ತಾನಿಲ್ಲೊ? ಅಂವಗ ರೊಟ್ಟಿ ಮೆತ್ತಗ ಬೇಕ್ರಿ. ಗಡಸ ಆದ್ರ ಹಂಗ ಇಟ್ಟ ಏಳತಾನು.”

“ಆರಾಮ ಅದಾನ್ರಿ. ಉಣ್ತಾನ್ರಿ.”

“ಸಿಕ್ರ ಒಂದ ಮಾತ ಹೇಳ್ರಿ. ನಂದು ಸಿಟ್ಟಿನ ಬಾಯಿ. ಏನೇನರ ಅಂತೇನಿ. ಅದನ್ನ ಹಿಡಕೊಂಡ ಕುಂಡ್ರಬ್ಯಾಡ ಅಂತ ಹೇಳ್ರಿ.”

“ಹೇಳತೇನ್ರಿ,” ಎಂದರು ಸರ್.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಹೇಳ್ರಿ ಸರ್, ಈಗರ ಅನ್ನ್ರಿ ಎಂದು ಪಿಸುಗುಟ್ಟಿದೆ. ಸರ್ ಕಟ್ಟೆಯಿಂದ ಇಳಿದು, ನೆಲದ ಮೇಲೆ ಕೂತು, ದೊಡ್ಡವರ ಮೊಣಕಾಲ ಮೇಲೆ ಕೈಯಿಟ್ಟರು. ಎಷ್ಟು ಕಾಲದಿಂದ ಬಾಯಲ್ಲಿ ಕಟ್ಟಿಟ್ಟ ಶಬ್ದವೋ, ಒಡೆದ ದನಿಯಲ್ಲಿ ಬಂತು.

“ಅಣ್ಣಾ.”

ದೊಡ್ಡವರು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು. “ಛೇ ಛೇ, ಏಳ್ರಿ ಸರ್, ಮ್ಯಾಲ ಏಳ್ರಿ. ನೀವ ವಿದ್ಯಾ ಕಲಸಾವ್ರು. ನನಗ ಅಣ್ಣಾ ಅನಬ್ಯಾಡ್ರಿ. ಹಂಗ ಅನ್ನಾಂವ ನನಗ ಒಬ್ಬನ ಅದಾನು. ಅಂವಾ ಬಂದ ಅನ್ನಲಿ.”

ವೈನಿ ಒಳಗೆ ಹೋಗಿಬಿಟ್ಟರು. ನಾನು ಅಂಗಳಕ್ಕೆ ಹೋಗಿ ನಿಂತೆ. ತಿರುಗಿ ಬಂದ ಬಸ್ಸು ಗೋಕಾಕ ಮುಟ್ಟಿತು. ಇಳಿಯುವ ಮುಂಚೆ ಸರ್ ಇಷ್ಟೇ ಅಂದರು: “ಆವಾಗ ಸಿಟ್ಟಿಲೆ ಬ್ಯಾಡ ಅಂದ. ಇವತ್ತ ಪ್ರೀತಿಲೆ ಬ್ಯಾಡ ಅಂದ. ಅನ್ನಾಕ ಮಾತ್ರ ನನಗ ಸಿಗಲಿಲ್ರಿ.”

ಇನ್ನು ಅವರು ಅಲ್ಲಿಗೆ ಹೋಗುವುದಿಲ್ಲ ಅಂದುಕೊಂಡಿದ್ದೆ. ಆದರೆ ಸರ್ ಮುಂದಿನ ಆಯಿತವಾರವೂ ಹೋದರು, ಅದರ ಮುಂದಿನದೂ. ಗೋಕಾಕದ ಪರಿಚಯದ ಸರ್ ಎಂದೇ ಹೋಗುವುದು, ಚಾಪೆಯ ಮೇಲೆ ಕೂತು ಚಹಾ ಕುಡಿಯುವುದು, ತಮ್ಮನ ಸುದ್ದಿ ಹೇಳುವುದು. ಮೊದಲ ಸಲ ಕರದಂಟು ಒಯ್ದಿದ್ದರು. ಹಲ್ಲಿಲ್ಲದವರಿಗೆ ಕರದಂಟು ಒಯ್ಯುವ ಶಾಣ್ಯಾ ನೀವೊಬ್ಬರೇ ಎಂದು ನಾನು ಬೈದ ಮೇಲೆ ಬಾಳೆಹಣ್ಣು ಒಯ್ಯತೊಡಗಿದರು. ಸೋಮವಾರ ನನಗೆ ವರದಿ ಬರುತ್ತಿತ್ತು. ನಿಮ್ಮ ತಮ್ಮ ರಿಟೈರ್ ಆದಾನ್ರಿ ಎಂದು ಸರ್ ಹೇಳಿದಾಗ ದೊಡ್ಡವರು ನಂಬಲಿಲ್ಲವಂತೆ. ಅಂವಾ ಇನ್ನೂ ಸಣ್ಣಾಂವ, ಯಾರೋ ಹಂಗ ಎಬ್ಬಿಸ್ಯಾರ ಅಂದರಂತೆ. ತಮ್ಮ ಬಾವಿಯಲ್ಲಿ ಈಜು ಕಲಿತದ್ದು, ಎತ್ತಿನ ಕೊಂಬಿಗೆ ಹೆದರಿ ಗಿಡ ಹತ್ತಿದ್ದು, ಜ್ವರ ಬಂದಾಗ ತನ್ನ ಹೆಗಲ ಮೇಲೆ ಯಮಕನಮರಡಿಯ ಡಾಕ್ಟರ ತನಕ ಹೋದದ್ದು, ಎಲ್ಲವನ್ನೂ ದೊಡ್ಡವರು ಹೇಳುವುದು, ಸರ್ ಕೇಳದವರಂತೆ ಕೇಳುವುದು.

“ಬ್ಯಾಸರ ಆಗೂದಿಲ್ಲೇನ್ರಿ ಸರ್? ಎದುರಿಗೆ ಕುಂತ ನಿಮ್ಮ ಕತಿನ ನೀವು ಪರರ ಹಂಗ ಕೇಳೂದು?”

“ನನ್ನ ಯಾರೂ ನೆನಸೂದಿಲ್ಲ ಅಂತ ತಿಳದಿದ್ನಿ ಅಕ್ಕೋರ. ಈಗ ವಾರಕ್ಕೊಮ್ಮಿ ಹೋಗಿ ಕೇಳಿ ಬರತೇನಿ. ಬ್ಯಾಸರ ಯಾಕ?” ಎಂದು ನಕ್ಕರು. ಆ ನಗು ನೋಡಲಾಗದೆ ನಾನು ಪುಸ್ತಕ ತಿರುವಿದೆ.

ನಿವೃತ್ತರಾದ ಮೇಲೂ ಅವರು ಗೋಕಾಕದ ಆ ಕೋಣೆ ಬಿಡಲಿಲ್ಲ. ಬಿಟ್ಟು ಘೋಡಗೇರಿಗೇ ಹೋಗಿ ಇರಿ ಎಂದೆ. ತಮ್ಮ ಗೋಕಾಕದಲ್ಲಿದ್ದಾನೆಂಬುದು ಅವರಿಗೆ ಧೈರ್ಯ, ಇಲ್ಲಿಂದ ಬಂದ ಸರ್ ಅಲ್ಲೇ ಇದ್ದುಬಿಟ್ಟರೆ ಸುದ್ದಿ ತರುವವರು ಯಾರು ಎಂದರು. ಅವರ ಲೆಕ್ಕ ಅವರಿಗೆ. ಒಂದು ಮಧ್ಯಾಹ್ನ ಖಾನಾವಳಿಯ ಡಬ್ಬಿ ಬಾಗಿಲಲ್ಲೇ ಉಳಿದಿದೆ ಎಂದು ಅಣ್ಣಪ್ಪ ಓಡಿಬಂದು ಹೇಳಿದ. ನಾವು ಹೋಗಿ ಬಾಗಿಲು ತೆಗೆಸುವ ಹೊತ್ತಿಗೆ ಸರ್ ಹೋಗಿಬಿಟ್ಟಿದ್ದರು. ಮಲಗಿದ್ದ ಹಾಗೇ ಹೋಗಿದ್ದರು. ಹತ್ತಿರ ಯಾರೂ ಇರಲಿಲ್ಲ.

ಮಣ್ಣು ಘೋಡಗೇರಿಯಲ್ಲೇ ಆಗಬೇಕೆಂದು ವೈನಿ ಹಟ ಹಿಡಿದರು. ಗಾಡಿ ಮಾಡಿಕೊಂಡು ನಾನು, ಅಣ್ಣಪ್ಪ, ಕೆಲವು ಮಾಸ್ತರರು ಒಯ್ದೆವು. ಮನೆಯಲ್ಲಿ ವೈನಿ ಗಂಡನ ಕೈಹಿಡಿದು, ನಿಮ್ಮ ತಮ್ಮ ಹೋದರು ಎಂದು ಹೇಳಿ ನೋಡಿದ್ದರಂತೆ. ಬಾಯಾಗ ಒಳ್ಳೇದ ಬರಲಿ, ಅಂವಾ ಗೋಕಾಕದಾಗ ಆರಾಮ ಅದಾನ ಎಂದು ಅವರು ಹೆಂಡತಿಯನ್ನೇ ಬೈದರಂತೆ. ಮತ್ತೆ ಯಾರೂ ಹೇಳಲು ಹೋಗಲಿಲ್ಲ. ಆದರೆ ಊರಲ್ಲಿ ಸಾವಾದರೆ ಹೋಗದೇ ಇರುವ ಮನುಷ್ಯರಲ್ಲ ಅವರು. ಕೋಲು ಊರಿಕೊಂಡು ಎಲ್ಲರ ಜೊತೆ ಹೊಲಕ್ಕೆ ಬಂದರು. ಮುಖ ನೋಡಿದಾಗ ಅವರಿಗೆ ಗುರುತು ಹತ್ತಿತು.

“ಅಯ್ಯ, ಗೋಕಾಕದ ಸರ್! ಭಾಳ ಛಲೋ ಮನಷ್ಯಾ. ನಮ್ಮ ತಮ್ಮನ ಸುದ್ದಿ ತರತಿದ್ರು.”

ಗುಂಡಿಗೆ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಮನೆಯವರು ಹಾಕಬೇಕು. ಎಲ್ಲರೂ ವೈನಿಯ ಮುಖ ನೋಡಿದರು. ವೈನಿ ಗಂಡನ ಮುಖ ನೋಡಿದರು. ಯಾರೂ ಮುಂದೆ ಬರುತ್ತಿಲ್ಲವೆಂದು ದೊಡ್ಡವರು ಸುತ್ತಲೂ ಕಣ್ಣಾಡಿಸಿ, ಕೊನೆಗೆ ನನ್ನನ್ನು ಕೇಳಿದರು.

“ಯಾಕ್ರಿ ಬಾಯಾರ, ಇವರಿಗೆ ಅಣ್ಣ ತಮ್ಮ ಯಾರೂ ಇಲ್ಲೇನ್ರಿ?”

ಜೀವಮಾನವೆಲ್ಲ ಕನ್ನಡ ಕಲಿಸಿದವಳು ನಾನು. ಕೈಮುಗಿದು ನಿಂತೆ.

ದೊಡ್ಡವರು ಕೋಲನ್ನು ಅಣ್ಣಪ್ಪನ ಕೈಗೆ ಕೊಟ್ಟರು. “ಹಂಗ ಒಬ್ಬರನ್ನ ಕಳಸಬಾರದ್ರಿ. ಯಾರೂ ಇಲ್ಲಂದ್ರ ನಾ ಅದೇನಿ. ಇವರ ಅಣ್ಣ ನಾನ ಅಂತ ತಿಳ್ಕೋರ್ರಿ,” ಎಂದು ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡರು.